ಮೊಣಕಾಲ ಮೇಲೆ ಕತ್ತರಿಸಿದ ಕುಂಚಿಗೆ

ನಮ್ಮ ಮನೆತನದಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಕುಂಚಿಗೆ ಹೊಲಿದವಳು ನಾನು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸುಳ್ಳು. ಹೊಲಿದವಳು ನಾನು, ಕತ್ತರಿಸಿದವಳು ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಹೊಲಿಗೆ ಕಣ್ಣಿಗೆ ಕಾಣುತ್ತದೆ, ಕತ್ತರಿಸಿದ್ದು ಕಾಣುವುದಿಲ್ಲ. ಅದಕ್ಕೆ ಹೆಸರು ನನಗೆ ಬಂತು.

ಈಗಿನ ಹುಡುಗಿಯರಿಗೆ ಕುಂಚಿಗೆ ಎಂದರೆ ಬಿಡಿಸಿ ಹೇಳಬೇಕು. ಕೂಸಿನ ತಲೆಗೆ ಒಂದು ಟೋಪಿ. ಆ ಟೋಪಿಯಿಂದಲೇ ಬೆನ್ನ ಮೇಲೆ ಇಳಿಬೀಳುವ ಬಟ್ಟೆ. ಗದ್ದದ ಕೆಳಗೆ ಕಟ್ಟಲು ಎರಡು ಕಸಿ. ಥಂಡಿ ಗಾಳಿ ಕಿವಿಗೆ ಹೋಗುವುದಿಲ್ಲ, ಎತ್ತಿಕೊಂಡವರ ಕೈ ಕೂಸಿನ ಬೆನ್ನಿಗೆ ಒರಟಾಗಿ ತಾಗುವುದಿಲ್ಲ. ಇದಕ್ಕೆ ಯಾರೂ ಅಂಗಡಿಗೆ ಹೋಗಿ ಹೊಸ ಬಟ್ಟೆ ತರುತ್ತಿರಲಿಲ್ಲ. ಜಂಪರ ಹೊಲಿದು ಉಳಿದ ಖಣದ ತುಂಡು, ಹರಿದ ಸೀರೆಯಲ್ಲಿ ಇನ್ನೂ ಗಟ್ಟಿ ಇರುವ ಭಾಗ, ಒಳಗಡೆಗೆ ತೊಳೆದು ತೊಳೆದು ಮೆತ್ತಗಾದ ಧೋತರ, ಇಷ್ಟಿದ್ದರೆ ಸಾಕು.

ಆಗ ನಾವು ತುರ್ವಿಹಾಳದಲ್ಲಿ ಒಂದೇ ಮನೆಯಲ್ಲಿದ್ದೆವು. ಇಬ್ಬರೂ ಬತ್ತದ ನಾಟಿಗೆ ಹೋಗುವವರು. ನಾಟಿ ಮುಗಿದು ಕಳೆ ತೆಗೆಯುವ ಕೆಲಸ ಬರುವ ತನಕ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಚಿಂದಿ ಗಂಟು ಬಿಚ್ಚುತ್ತಿದ್ದೆವು. ಕೂಸುಗಳ ಕುಲಾಯಿ, ಚಡ್ಡಿ, ತೊಟ್ಟಿಲಿಗೆ ಹಾಸುವ ಸಣ್ಣ ಕೌದಿ, ಆಡುವ ವಯಸ್ಸಿನವಕ್ಕೆ ಬಟ್ಟೆಯ ಚೆಂಡು, ಎಲ್ಲವೂ ಆ ಗಂಟಿನಿಂದಲೇ ಆದವು. ಅವಳು ಕತ್ತರಿಸಿ ನನ್ನ ಕಡೆ ಎಸೆಯುತ್ತಿದ್ದಳು. ನಾನು ಹೊಲಿಯುತ್ತಿದ್ದೆ.

"ಹೊಲಿಗಿ ಇರುವಿ ನಡದಂಗ ಇರ್ಲಿ ಬೇ," ಎನ್ನುತ್ತಿದ್ದಳು. "ನಿಂದು ಎಮ್ಮಿ ನಡದಂಗ ಐತಿ."

"ನೀ ಸುಮ್ನ ಕತ್ರಿ ಆಡ್ಸು ಯಕ್ಕಾ. ನನ್ನ ಸೂಜಿ ಸುದ್ದಿಗೆ ಬರಬ್ಯಾಡ."

ಕುಂಚಿಗೆಯಲ್ಲಿ ಕಷ್ಟದ್ದು ಟೋಪಿ. ಅದು ಹಿಂದೆ ಕುತ್ತಿಗೆಯ ಹತ್ತಿರ ನಿರಿಗೆ ಹಿಡಿದು ಬೆನ್ನಿನ ಬಟ್ಟೆಗೆ ಸೇರುತ್ತದೆ. ಅಲ್ಲಿ ಕತ್ತರಿ ಒಂದು ಬೆರಳು ಆಚೀಚೆ ಹೋದರೆ ಟೋಪಿ ಕಣ್ಣ ಮೇಲೆ ಜಾರುತ್ತದೆ, ಇಲ್ಲವೆ ಕೊರಳು ಬಿಗಿಯುತ್ತದೆ. ನಮ್ಮ ಮನೆಯಲ್ಲಿ ಕೂಸಿನ ತಲೆಗೆ ದಾರ ಹಿಡಿದು ಅಳೆಯುವಂತಿಲ್ಲ. ಅಳೆದರೆ ಕೂಸು ಬೆಳೆಯುವುದಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದಳು. ಹಾಗಾಗಿ ನೆಗೆಣ್ಣಿ ಮೊಣಕಾಲು ಮಡಚಿ ಕೂತು, ಅದರ ಚಿಪ್ಪಿನ ಮೇಲೆ ಬಟ್ಟೆ ಹೊದಿಸಿ, ಅದೇ ಕೂಸಿನ ತಲೆ ಎಂದುಕೊಂಡು ಕತ್ತರಿಸುತ್ತಿದ್ದಳು. ಗುರುತು ಹಾಕುತ್ತಿರಲಿಲ್ಲ. ನನ್ನ ಜೊತೆ ಮಾತಾಡುತ್ತಲೇ ಕತ್ತರಿ ಸುತ್ತು ಬಂದುಬಿಡುತ್ತಿತ್ತು. ಹೊಲಿದು ಹಾಕಿದರೆ ಯಾವ ಕೂಸಿಗೂ ಸರಿ ಕೂರುತ್ತಿತ್ತು. ನಾನು ಅದನ್ನು ನೋಡಿದ್ದೇನೆ ಎಂದರೆ ನೋಡಿದ್ದೇನೆ. ಕಣ್ಣು ಮಾತ್ರ ಯಾವಾಗಲೂ ನನ್ನ ಸೂಜಿಯ ಮೇಲಿತ್ತು.

ಅತ್ತೆ ಸತ್ತ ಮೇಲೆ ಅವಳ ಇಳಕಲ್ ಸೀರೆ ಉಳಿಯಿತು. ಒಡಲು ಜೀರ್ಣವಾಗಿತ್ತು, ಕೆಂಪು ಸೆರಗು ಗಟ್ಟಿ ಇತ್ತು. ಇಬ್ಬರು ಸೊಸೆಯರು ಹರಿದು ಹಂಚಿಕೊಂಡರೆ ಯಾರ ಉಪಯೋಗಕ್ಕೂ ಬರುತ್ತಿರಲಿಲ್ಲ. ಕೂಸುಗಳ ಟೋಪಿಗೆ ಇರಲಿ ಎಂದು ನೆಗೆಣ್ಣಿಯೇ ಹೇಳಿದಳು. ಅವಳ ಮಕ್ಕಳು, ನನ್ನ ಮಕ್ಕಳು, ಆಮೇಲೆ ಮೊಮ್ಮಕ್ಕಳು, ಎಲ್ಲರ ತಲೆಗೂ ಆ ಸೆರಗಿನ ಟೋಪಿ ಬಂತು. ಕೊನೆಗೆ ಒಂದು ಟೋಪಿಗೆ ಆಗುವಷ್ಟು ತುಂಡು ಉಳಿಯಿತು. ಅದು ನನ್ನ ಹತ್ತಿರ ಇತ್ತು.

ನೆಗೆಣ್ಣಿಯ ಮಗನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿಗೆ ಹೋದರು. ನಾನು ಮಗನ ಸಂಗಡ ಸಿಂಧನೂರಿಗೆ ಬಂದೆ. ನಮ್ಮ ಮನೆಯ ಕೆಳಗೆ ಹೆಂಗಸರ ಬಟ್ಟೆ ಹೊಲಿಯುವ ಟೇಲರ್ ಅಂಗಡಿ ಇದೆ. ಮೂಟೆಗಟ್ಟಲೆ ಚಿಂದಿ ಬೀಳುತ್ತದೆ. ಎಲ್ಲ ಜಾರುವ ಬಟ್ಟೆ, ಬೆವರು ಕುಡಿಯುವುದಿಲ್ಲ. ಅದರಲ್ಲೇ ಹತ್ತಿಯ ತುಂಡು ಆರಿಸಿ ತಂದು ನಾನು ಈಗಲೂ ಬೀದಿಯ ಕೂಸುಗಳಿಗೆ ಸಣ್ಣ ಕೌದಿ ಹೊಲಿಯುತ್ತೇನೆ. ಕೌದಿಗೆ ಕತ್ತರಿಸುವ ಹುನ್ನರು ಬೇಕಿಲ್ಲ. ಚೌಕ ಮಾಡಿ ಜೋಡಿಸಿದರೆ ಆಯಿತು.

ಹೋದ ಮಳೆಗಾಲದ ಕೊನೆಗೆ ನನ್ನ ಮಗಳ ಮಗಳು ಹೆತ್ತಳು. ಅವಳು ಲಿಂಗಸುಗೂರಿನಲ್ಲಿ ನೌಕರಿಯಲ್ಲಿದ್ದಾಳೆ. ಬಾಣಂತನಕ್ಕೆ ಮಸ್ಕಿಗೆ, ತಾಯಿಯ ಮನೆಗೆ ಬಂದಿದ್ದಳು. ಹೆಣ್ಣು ಕೂಸು. ಅಲ್ಲಿಂದ ಫೋನ್ ಮಾಡಿದಳು.

"ಅಜ್ಜಿ, ನಾ ಸಣ್ಣಾಕಿದ್ದಾಗಿನ ಫೋಟೋದಾಗ ಒಂದು ಕುಂಚಿಗಿ ಹಾಕ್ಕೊಂಡೀನಲ್ಲ, ಕೆಂಪು ಟೋಪಿದು. ಅಂಥಾದ ನನ್ನ ಮಗಳಿಗೂ ಬೇಕು. ತೊಟ್ಟಿಲಾಗ ಹಾಕೋ ದಿನ ಹಾಕ್ಬೇಕು."

"ಆತು," ಎಂದೆ. ಯೋಚನೆ ಮಾಡದೆ ಎಂದೆ. ಫೋನ್ ಇಟ್ಟ ಮೇಲೆ ಆ ಕೆಂಪು ತುಂಡು ತೆಗೆದು ಮುಂದೆ ಹರಡಿ ಕೂತೆ. ಕತ್ತರಿ ಎಲ್ಲಿ ಇಡಬೇಕು ಎಂದು ಗೊತ್ತಾಗಲಿಲ್ಲ. ಇಷ್ಟು ಕುಂಚಿಗೆ ಹೊಲಿದವಳು ನಾನು. ಹಳೆಯದೊಂದನ್ನು ಬಿಚ್ಚಿ ನೋಡೋಣವೆಂದರೆ ಒಂದೂ ಉಳಿದಿರಲಿಲ್ಲ. ಒಬ್ಬರಿಂದ ಒಬ್ಬರಿಗೆ ಹೋಗಿ, ಹರಿದು, ನೆಲ ಒರೆಸುವ ಅರಿವೆಯಾಗಿ ಮುಗಿದಿದ್ದವು.

ಹಟ್ಟಿಗೆ ಹೊರಟೆ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಬೇಕು. ನೆಗೆಣ್ಣಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಹೋಗಿದ್ದವು. ಅದು ಆದಾಗ ಒಮ್ಮೆ ನೋಡಿ ಬಂದವಳು ಆಮೇಲೆ ಹೋಗಿರಲಿಲ್ಲ. ಬಸ್ಸಿಗೆ ಈಗ ಹೆಂಗಸರು ದುಡ್ಡು ಕೊಡಬೇಕಿಲ್ಲ, ಆದರೂ ಹೋಗಿರಲಿಲ್ಲ. ಕಂಪನಿ ಕೊಟ್ಟ ಮನೆಯ ಮುಂದಿನ ಖೋಲಿಯಲ್ಲಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮಾತು ಸ್ವಲ್ಪ ದಪ್ಪವಾಗಿತ್ತು. ಬಾಯಿಯ ಹರಿತ ಹಾಗೇ ಇತ್ತು.

"ಬಂದ್ಯಾ? ನಾ ಸಾಯೋದ್ರಾಗ ಬರ್ತಿಯೋ ಇಲ್ಲೋ ಅಂತ ಮಾಡಿದ್ದೆ."

"ಸಾಯಾಕ ನಿನಗೆಲ್ಲಿ ಪುರುಸೊತ್ತು ಐತಿ ಯಕ್ಕಾ. ಸೊಸಿಗೆ ಬೈಯೋದ್ರಾಗ ಹೊತ್ತು ಹೋಗ್ತೈತಿ."

"ಖರೇ ಹೇಳಿದ್ರಿ ನೋಡ್ರಿ ಸಣ್ಣತ್ತಿ," ಎಂದು ಅವಳ ಸೊಸೆ ಅಡುಗೆಮನೆಯಿಂದಲೇ ಅಂದಳು.

ಬಂದ ಕೆಲಸ ಹೇಳಿ ಕೆಂಪು ತುಂಡು ಅವಳ ಮುಂದೆ ಇಟ್ಟೆ. ಎಡಗೈಯಿಂದ ಅದನ್ನು ಸವರಿ ನೋಡಿದಳು.

"ಇದೊಂದ ಉಳದೈತೇನು?"

"ಇದೊಂದ."

"ಹಂಗಾರ ಮೊದಲು ಬ್ಯಾರೆ ಚಿಂದಿ ಮ್ಯಾಲ ಕತ್ತರಿಸು. ನಾ ಹೇಳ್ತೀನಿ."

ನಾನು ಟೇಲರ್ ಅಂಗಡಿಯ ಚಿಂದಿ ಒಂದು ಚೀಲ ಒಯ್ದಿದ್ದೆ. ಒಂದು ತುಂಡು ಮಡಚಿ ಕತ್ತರಿ ಇಟ್ಟೆ. ಅಲ್ಲ ಎಂದಳು. ಸರಿಸಿದೆ. ಅದೂ ಅಲ್ಲ ಎಂದಳು. ಕತ್ತರಿಸಿ ತೋರಿಸಿದರೆ ಮುಖ ತಿರುಗಿಸಿದಳು.

"ಅಲ್ಲ ಅಲ್ಲ ಅಂದ್ರ ಹೆಂಗ? ಎಲ್ಲಿ ಅಂತ ಹೇಳು."

"ಹೇಳಾಕ ಬಂದ್ರ ಹೇಳ್ತಿದ್ದಿಲ್ಲೇನು? ಕೈಗೆ ಗೊತ್ತಿತ್ತು ಬೇ. ನನಗೇನ ಗೊತ್ತೈತಿ."

ಅದನ್ನು ಹೇಳಿ ಅವಳಿಗೇ ಆಶ್ಚರ್ಯವಾದಂತಿತ್ತು. ತೊಡೆಯ ಮೇಲೆ ಬಿದ್ದಿದ್ದ ಬಲಗೈಯನ್ನು ಬೇರೆಯವರದೇನೋ ಎಂಬಂತೆ ನೋಡಿದಳು. ಆಮೇಲೆ ಮೊಣಕಾಲ ಮೇಲೆ ಹಾಕಬೇಕು, ಹಾಕಿದರೆ ನೆನಪಾಗುತ್ತದೆ ಎಂದಳು. ಅವಳ ಬಲಗಾಲು ಮಡಚುವುದಿಲ್ಲ. ಎಡಗಾಲು ಮಡಚಿ ಕೂರಿಸಿದರೆ ಮೈ ಪಕ್ಕಕ್ಕೆ ವಾಲಿ ಬೀಳುತ್ತಿತ್ತು. ಸೊಸೆ ಬಂದು ಹಿಡಿದುಕೊಂಡರೂ ಆಗಲಿಲ್ಲ.

"ನಿನ್ನ ಮೊಣಕಾಲ ಮ್ಯಾಲ ಹಾಕು," ಎಂದಳು.

ನಾನು ಮಂಚದ ಮೇಲೆ ಅವಳ ಎದುರಿಗೆ ಕಾಲು ಮಡಚಿ ಕೂತೆ. ಚಿಂದಿ ಹೊದಿಸಿದೆ. ಅವಳು ಎಡಗೈಯಿಂದಲೇ ಅದನ್ನು ಎಳೆದು, ಹಿಂದೆ ಕುತ್ತಿಗೆ ಬರುವ ಕಡೆ ನಿರಿಗೆ ಚಿವುಟಿ ಹಿಡಿದಳು. ಹಿಡಿದ ಕೂಡಲೇ ಮುಖ ಬದಲಾಯಿತು. ಇಲ್ಲಿ ಹಾಕು ಕತ್ತರಿ, ಇಲ್ಲಿ ತಿರುಗಿಸು, ಇಲ್ಲಿ ಬಿಡು ಎಂದು ಹೇಳುತ್ತ ಹೋದಳು. ಟೋಪಿ ಬಂತು. ಇನ್ನೊಂದು ಮಾಡಿಸಿದಳು, ಅದೂ ಬಂತು. ಆಮೇಲೆ ಕೆಂಪು ತುಂಡು ಹಾಕಿದೆವು. ಕತ್ತರಿ ಸುತ್ತು ಬಂದ ಮೇಲೆ ಅವಳು ಟೋಪಿಯನ್ನು ನನ್ನ ಮೊಣಕಾಲ ಮೇಲೆಯೇ ತಿರುಗಿಸಿ ನೋಡಿ, "ಹಾಂ. ಇದು ನೋಡು," ಎಂದಳು.

ಅವತ್ತು ಇಬ್ಬರೂ ರೊಟ್ಟಿ ಪುಂಡಿಪಲ್ಯ ಹೊಟ್ಟೆ ತುಂಬ ಉಂಡೆವು. ಅವಳು ಸೊಸೆಗೆ ಒಂದು ಮಾತೂ ಬೈಯಲಿಲ್ಲ.

ಸಿಂಧನೂರಿಗೆ ಬಂದು ಹೊಲಿಯಲು ಕೂತೆ. ಒಳಗೆ ಮಗನ ಹಳೆಯ ಬನಿಯನ್ನಿನ ಬಟ್ಟೆ ಹಾಕಿದೆ. ಅಂಚಿಗೆ ಖಣದ ಮೂಲೆ ತುಂಡುಗಳನ್ನು ತ್ರಿಕೋನ ಮಡಚಿ ಸಾಲಾಗಿ ಕೂರಿಸಿದೆ. ಬೆನ್ನಿನ ಬಟ್ಟೆಗೆ ಹಸಿರು, ಹಳದಿ, ನೀಲಿ ಚೌಕ. ಕಣ್ಣು ಮಂಜು, ಆದರೂ ಬೆರಳಿಗೆ ದಾರಿ ಗೊತ್ತು. ಇಷ್ಟು ಸಣ್ಣ ಹೊಲಿಗೆ ನಾನು ಹರೆಯದಲ್ಲೂ ಹಾಕಿರಲಿಲ್ಲ. ನೆಗೆಣ್ಣಿ ನೋಡಿದರೆ ಇರುವೆ ಎನ್ನಲೇಬೇಕು ಎಂದುಕೊಂಡೆ.

ಮಸ್ಕಿಯಲ್ಲಿ ಹೆಸರಿಡುವ ದಿನ ಮನೆ ತುಂಬ ಹೆಂಗಸರು. ತೊಟ್ಟಿಲಿಗೆ ಹಾಕುವ ಮುಂಚೆ ಮೊಮ್ಮಗಳು ಕೂಸಿನ ತಲೆಗೆ ಕುಂಚಿಗೆ ಹಾಕಿ ಕಸಿ ಕಟ್ಟಿದಳು. ಟೋಪಿ ಇಳಿಯಿತು. ಹಣೆ ಮುಚ್ಚಿತು, ಕಣ್ಣು ಮುಚ್ಚಿತು, ಮೂಗು ದಾಟಿ ಗದ್ದಕ್ಕೆ ಬಂದು ನಿಂತಿತು. ಒಳಗಿನಿಂದ ಕೂಸು ಅತ್ತಿತು. ಹೆಂಗಸರೆಲ್ಲ ನಕ್ಕರು.

"ಯವ್ವಾ, ಇದು ಕೂಸಿಗೋ ಅದರ ಅಪ್ಪಗೋ?" ಎಂದು ನನ್ನ ಮಗಳು ಕೇಳಿದಳು.

ನಾನು ನಗಲಿಲ್ಲ. ಅಲ್ಲೇ ಚಾಪೆಯ ಮೇಲೆ ಕೂತು ನನ್ನ ಕಾಲು ನೋಡಿದೆ. ನೆಗೆಣ್ಣಿಯ ಮೊಣಕಾಲು ಗಿಟುಕು ಕೊಬ್ಬರಿಯಂತೆ ಸಣ್ಣದು, ಒಣಗಿದ್ದು. ನನ್ನದು ಕೆಸರಿನಲ್ಲಿ ನಿಂತು ನಿಂತು ವಾತ ಹಿಡಿದು ಬಾತುಕೊಂಡಿದೆ. ಈಗ ಅದು ಎರಡು ವರ್ಷದ ಹುಡುಗನ ತಲೆಯಷ್ಟಿದೆ. ದಿನಾ ಎಣ್ಣೆ ತಿಕ್ಕುವವಳು ನಾನೇ. ಹಟ್ಟಿಯಲ್ಲಿ ಇಬ್ಬರೂ ಬಟ್ಟೆ ನೋಡಿದೆವು, ಕತ್ತರಿ ನೋಡಿದೆವು. ಕೆಳಗಿನ ಮೊಣಕಾಲು ಯಾರೂ ನೋಡಲಿಲ್ಲ.

"ಇರ್ಲಿ ಬಿಡು ಅಜ್ಜಿ, ಬೆಳದ ಮ್ಯಾಲ ಹಾಕ್ತೀನಿ," ಎಂದಳು ಮೊಮ್ಮಗಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಅಂಗಡಿಯ ಉಣ್ಣೆ ಟೋಪಿ ಹಾಕಿ ಫೋಟೋ ತೆಗೆಸಿದಳು. ಚಂದ ಕಂಡಿತು. ನಮ್ಮ ಮನೆಯ ಕೂಸು ಆ ಕೆಂಪು ಸೆರಗಿಲ್ಲದೆ ತೊಟ್ಟಿಲು ಹತ್ತಿದ್ದು ಅದೇ ಮೊದಲು. ತಲೆ ಅಷ್ಟು ದೊಡ್ಡದಾಗುವ ಹೊತ್ತಿಗೆ ಕೂಸು ನಡೆಯುತ್ತದೆ, ಕಟ್ಟಿದ್ದನ್ನೆಲ್ಲ ಕಿತ್ತು ಒಗೆಯುತ್ತದೆ. ಕುಂಚಿಗೆಯ ವಯಸ್ಸು ಮುಗಿದಿರುತ್ತದೆ. ಅದು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು.

ಕುಂಚಿಗೆಯನ್ನು ವಾಪಸು ತಂದು ಒಳಗೆ ಮಡಚಿ ಹೊಲಿದು ನೋಡಿದೆ. ಕುತ್ತಿಗೆಯ ಕಡೆ ಗಂಟು ಗಂಟಾಯಿತು. ಕೂಸನ್ನು ಅಂಗಾತ ಮಲಗಿಸಿದರೆ ಚುಚ್ಚುತ್ತದೆ. ಬಿಚ್ಚಿ ಚಿಕ್ಕದಾಗಿ ಕತ್ತರಿಸಬೇಕು ಎಂದರೆ ಮತ್ತೆ ಅದೇ ಮಾತು, ಕತ್ತರಿ ಎಲ್ಲಿ ಇಡುವುದು. ಹಟ್ಟಿಗೆ ಕೂಸನ್ನೇ ಒಯ್ದು ಅವಳ ಎಡಗೈ ಅದರ ತಲೆಯ ಮೇಲೆ ಇಡಿಸಬಹುದಿತ್ತು. ಹೇಳಿದೆ ಕೂಡ. ಮೊಮ್ಮಗಳ ರಜೆ ಮುಗಿಯುತ್ತ ಬಂದಿತ್ತು, ಕೂಸಿಗೆ ನೆಗಡಿ ಇತ್ತು. ಆಗಲಿಲ್ಲ.

ನೆಗೆಣ್ಣಿಯೇ ಸೊಸೆಯ ಕೈಯಿಂದ ಫೋನ್ ಹಚ್ಚಿಸಿದಳು.

"ಹೆಂಗಾತು? ಕುಂತಿತೇನು?"

ಕುಂತಿತು ಎಂದುಬಿಡೋಣ ಎನಿಸಿತು. ಅವಳು ನೋಡಲು ಬರುವವಳಲ್ಲ. ಆದರೆ ಅವಳಿಗೆ ಸುಳ್ಳು ಹೇಳಿ ನನಗೆ ರೂಢಿಯಿಲ್ಲ.

"ದೊಡ್ಡದಾತು ಯಕ್ಕಾ. ಗದ್ದದ ತನಕ ಬಂತು. ನನ್ನ ಮೊಣಕಾಲು ಬಾತೈತಿ, ಅದು ಲಕ್ಷ್ಯಕ್ಕ ಬರಲಿಲ್ಲ."

ಮೊದಲು ನಕ್ಕಳು. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

"ಅಷ್ಟು ವರ್ಷ ಬಾಜೂಕ ಕುಂತಿದ್ದಿ," ಎಂದಳು. "ಒಮ್ಮಿಯಾರ ಕತ್ರಿ ಇಲ್ಲಿ ಕೊಡು, ನಾ ನೋಡ್ತೀನಿ ಅನ್ನಲಿಲ್ಲ ನೀ."

"ನೀ ಕೊಡ್ತಿದ್ದೇನು? ಕತ್ರಿ ಮುಟ್ಟಿದ್ರ ಬೈತಿದ್ದಿ."

"ಬೈತಿದ್ದೆ," ಎಂದಳು. "ಬೈದು ಕೊಡ್ತಿದ್ದೆ."

ಅಷ್ಟರಲ್ಲಿ ಅವಳ ಸೊಸೆ ಫೋನ್ ತೆಗೆದುಕೊಂಡು, ಗುಳಿಗೆ ಕೊಡೋ ಹೊತ್ತಾತ್ರಿ ಸಣ್ಣತ್ತಿ, ಇಡ್ತೀನ್ರಿ ಎಂದಳು.