ತೊಳೆದ ಗಿಡ

ಸಸ್ಯಶಾಸ್ತ್ರ ಕಲಿಸುವವಳಿಗೆ ಹಸಿರಿನ ಮೇಲೆ ಪ್ರೀತಿಯಿರಬೇಕು ಎಂದು ಜನ ತಿಳಿದಿದ್ದಾರೆ. ಅದೆಲ್ಲ ಆಮೇಲಿನ ಮಾತು. ಮೊದಲು ಬೇಕಾದದ್ದು ಅನುಮಾನ. ಮೈಸೂರಿನಲ್ಲಿ ನನಗೆ ಮಾರ್ಗದರ್ಶಕರಾಗಿದ್ದ ಮೇಷ್ಟ್ರು, ನಾನು ಒಣಗಿಸಿ ತಂದ ಒಂದೊಂದು ಗಿಡವನ್ನೂ ಪೊಲೀಸರು ಗಾಡಿ ತಡೆದು ನೋಡುವ ಹಾಗೆ ನೋಡುತ್ತಿದ್ದರು. "ಬೇರಿನ ಮಣ್ಣು ಕೊಡವಮ್ಮ, ತೊಳೀಬೇಡ. ಚಿಟಿಕೆಯಷ್ಟು ಉಳಿದಿರ್ಲಿ. ಗಿಡ ಎಲ್ಲಿತ್ತು ಅನ್ನೋದಕ್ಕೆ ಅದೇ ಸಾಕ್ಷಿ" ಎನ್ನುತ್ತಿದ್ದರು. ಈಗ ಚೆನ್ನೈನಲ್ಲಿ ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಹೇಳುತ್ತೇನೆ, ಸ್ವಲ್ಪ ಖಾರ ಬೆರೆಸಿ: ತೊಳೆದ ಗಿಡ ಸುಳ್ಳು ಗಿಡ.

ಇದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ ನನ್ನ ಸಂಶೋಧನಾ ವಿದ್ಯಾರ್ಥಿನಿ, ಕಳೆದ ವರ್ಷ ಒಂದು ಒಣಗಿದ ಗಿಡವನ್ನು ನನ್ನ ಮೇಜಿನ ಮೇಲಿಟ್ಟಳು. ನೋಡಲು ಒಂದೆಲಗದ ದಾಯಾದಿ. ಒಳ್ಳೆಯ ನೀರಿದ್ದಲ್ಲಿ ಮಾತ್ರ ಬದುಕುವ ಜಾತಿ. ಚೆನ್ನೈನ ಉತ್ತರದಂಚಿನ ಮಣಲಿಯಲ್ಲಿ ಸಿಕ್ಕಿತು ಎಂದಳು. ಎಣ್ಣೆ ಕಾರ್ಖಾನೆಗಳ ಮಧ್ಯೆ ಏನೇನು ಉಳಿದಿದೆ ಎನ್ನುವುದೇ ಅವಳ ಪ್ರಬಂಧ. ಈ ಗಿಡ ಅಲ್ಲಿಯದಾದರೆ ಕೊನೆಯ ಅಧ್ಯಾಯ ಗಟ್ಟಿಯಾಗಿ ನಿಲ್ಲುತ್ತದೆ, ಅಲ್ಲವಾದರೆ ಇಡೀ ಪ್ರಬಂಧದ ಮಾನ ಹೋಗುತ್ತದೆ. ಕೆಳಗೆ ಸಹಿ ಹಾಕಬೇಕಾದವಳು ನಾನು.

ಮಸೂರದಲ್ಲಿ ನೋಡಿದೆ. ಮಣಲಿಯ ಎಲೆಯ ಮೇಲೆ ಮಸಿ ಇರಲೇಬೇಕು, ಅಲ್ಲಿ ಒಣಹಾಕಿದ ಬಟ್ಟೆಗೂ ಮಸಿ ಕೂರುತ್ತದೆ. ಇದಕ್ಕೆ ಒಂದು ಕಣವೂ ಇರಲಿಲ್ಲ. ಬೇರು ಮದುವಣಗಿತ್ತಿಯ ಕಾಲಿನಷ್ಟು ಚೊಕ್ಕಟ. ಕಾಂಡದ ರೋಮಗಳಲ್ಲಿ ಮಾತ್ರ ಏನೋ ಹಳದಿ ಛಾಯೆ. ನರ್ಸರಿಯವರು ಹೊಡೆಯುವ ಔಷಧಿಯೇ ಇರಬೇಕು ಅನಿಸಿತು. ಪಕ್ಕದ ಮಾಧವರಂ ಕಡೆ ಗಿಡ ಮಾರುವವರಿಗೇನು ಬರವೇ?

"ಇದನ್ನ ತೊಳೆದಿದೀಯಾ?" ಎಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ತಟ್ಟನೆ ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಳು. "ಮಣಲಿ ತಾನ್ ಮೇಡಂ. ಪ್ರಾಮಿಸ್." ಕರಾವಳಿಯವರ ಮಗಳು, ಮನೆಮಾತು ಕನ್ನಡ. ಆದರೂ ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ತಮಿಳು ಇಂಗ್ಲಿಷ್ ಬೆರೆಸಿದ್ದೇ. ಅಂದು ಅದೂ ನನಗೆ ಬಚ್ಚಿಟ್ಟುಕೊಳ್ಳುವ ಉಪಾಯದ ಹಾಗೆ ಕಂಡಿತು.

ಜಾಗ ತೋರಿಸು ಎಂದೆ. ಮುಂದಿನ ವಾರ ಎಂದಳು. ಆ ವಾರ ಅಮ್ಮನಿಗೆ ಹುಷಾರಿಲ್ಲ. ಅದರ ಮುಂದಿನ ವಾರ ರಸ್ತೆ ಅಗೆದಿದ್ದಾರೆ. ಅಷ್ಟು ಹೊತ್ತಿಗೆ ಅವಳ ಹಳೆಯ ಗಿಡಗಳನ್ನೂ ಹೊರಗೆಳೆದು ಮತ್ತೆ ಪರೀಕ್ಷಿಸಲು ಶುರುಮಾಡಿದ್ದೆ. ಎಲ್ಲದರ ಬೇರಿನಲ್ಲೂ ಮಣ್ಣಿತ್ತು. ಸಮಾಧಾನವಾಗುವ ಬದಲು ಕೋಪ ಬಂತು, ಇದೊಂದನ್ನೇ ಯಾಕೆ ಹೀಗೆ ಮಾಡಿದಳು ಎಂದು. "ಜಾಗ ನೋಡದೆ ಸಹಿ ಹಾಕಲ್ಲ" ಎಂದು ಹೇಳಿ ಕಳಿಸಿದೆ. ಬಾಗಿಲ ಬಳಿ ನಿಂತು ಒಮ್ಮೆ ತಿರುಗಿ ನೋಡಿ ಹೊರಟುಹೋದಳು.

ಕೊನೆಗೊಂದು ಬೆಳಿಗ್ಗೆ ಅವಳೇ ಫೋನ್ ಮಾಡಿ ಬರಹೇಳಿದಳು. ಮಣಲಿಯಲ್ಲಿ ಬಸ್ಸಿಳಿದು ಅವಳ ಹಿಂದೆ ನಡೆದೆ. ಹಳ್ಳ, ಜೌಗು ಏನಾದರೂ ಬರುತ್ತದೆ ಎಂದುಕೊಂಡಿದ್ದರೆ, ಒಂದು ಸಣ್ಣ ಸಸ್ಯಾಹಾರಿ ಹೋಟೆಲಿನ ಹಿತ್ತಿಲಿಗೆ ಕರೆದುಕೊಂಡು ಹೋದಳು. ಅವಳ ಅಪ್ಪನದೇ ಹೋಟೆಲು. ಅಕ್ಕಿ, ತರಕಾರಿ ತೊಳೆದ ನೀರು ಹರಿಯುವ ಕಿರುಗಾಲುವೆ, ಅದರ ಅಂಚಿನಲ್ಲಿ ಅದೇ ಜಾತಿಯ ಗಿಡಗಳು ಸಾಲಾಗಿ ನಿಂತಿದ್ದವು. ಎಲೆಯ ಮೇಲೆ ಬೆರಳಾಡಿಸಿದೆ, ಕಪ್ಪಾಯಿತು.

ಅಡುಗೆಮನೆಯಿಂದ ಅವಳ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದರು. "ಇದಕ್ಕೇನಾ ನೀವು ಇಷ್ಟು ದೂರ ಬಂದದ್ದು? ಅದನ್ನು ತೊಳ್ದದ್ದು ನಾನೇ ಮಾರಾಯ್ರೆ! ಇವಳು ಮೇಜಿನ ಮೇಲೆ ಇಟ್ಟು ಹೋಗಿದ್ಲು, ನಾನು ಒಂದೆಲಗ ಅಂತ ಗ್ರೇಶಿದೆ. ಉಪ್ಪು ಅರಿಶಿನದ ನೀರಲ್ಲಿ ಹಾಕಿ ಇಟ್ಟೆ, ತಂಬುಳಿ ಮಾಡುವ ಅಂತ. ಮಿಕ್ಸಿಗೆ ಹಾಕ್ಬೇಕು ಅನ್ನುವಾಗ ಇವಳು ಓಡಿ ಬಂದು ಕಿತ್ಕೊಂಡದ್ದು."

ಹಳದಿ ಛಾಯೆ ಎಲ್ಲಿಂದ ಬಂತೆಂದು ಆಗ ತಿಳಿಯಿತು. "ನಂಗೆ ಹೇಳೋಕೇನಾಗಿತ್ತು ನಿಂಗೆ?" ಎಂದೆ, ಜೋರಾಗಿಯೇ.

ಅವಳು ಮೊದಲ ಸಲ ನನ್ನೊಂದಿಗೆ ಕನ್ನಡದಲ್ಲಿ ಮಾತಾಡಿದಳು. "ಹೂ ಬಿಟ್ಟದ್ದು ಅದೊಂದೇ ಇತ್ತು ಮೇಡಂ. ಇನ್ನೊಂದು ಹೂ ಬರ್ಲಿ ಅಂತ ಇಷ್ಟು ದಿನ ಕಾದದ್ದು. ಅಮ್ಮ ತಂಬುಳಿಗೆ ಹಾಕ್ಲಿಕ್ಕೆ ಹೊರಟಿದ್ರು ಅಂತ ಹೇಳಿದ್ರೆ ನೀವು ನಂಬ್ತಿದ್ರಾ?"

ನಂಬುತ್ತಿರಲಿಲ್ಲ. ಅದಕ್ಕಿಂತ ಒಳ್ಳೆಯ ಸುಳ್ಳು ಹೇಳು ಎನ್ನುತ್ತಿದ್ದೆ. ಅವಳ ಅಮ್ಮ ಕಾಫಿ ಕುಡೀರಿ ಎಂದು ಒತ್ತಾಯಿಸುತ್ತಿದ್ದರು, ನನಗೆ ಅವರ ಮುಖ ನೋಡಲು ನಾಚಿಕೆಯಾಯಿತು.

ಅಂಚಿನಲ್ಲೊಂದು ಗಿಡ ಹೂ ಬಿಟ್ಟಿತ್ತು. ಕಿತ್ತು ಕೊಡು ಎಂದೆ. ಅವಳು ಹಿಂದೆ ಸರಿದು ಮೊಬೈಲ್ ತೆಗೆದಳು.

"ಬೇಡ ಮೇಡಂ, ನೀವೇ ಕೀಳಿ. ನಾನು ವಿಡಿಯೋ ತೆಗೀತೇನೆ. ನಿಮ್ಮ ಮುಖ ಕಾಣ್ಬೇಕು, ಹಿಂದೆ ನಮ್ಮ ಹೋಟೆಲೂ ಕಾಣ್ಬೇಕು. ನಾಳೆ ಡಿಪಾರ್ಟ್‌ಮೆಂಟಿಗೆ ಹೋಗಿ ನೀವು ಮತ್ತೆ ಇದು ಎಲ್ಲಿದು ಅಂತ ಕೇಳಿದ್ರೆ?"

ದನಿಯಲ್ಲಿ ಸಿಟ್ಟಿರಲಿಲ್ಲ. ಮೇಷ್ಟ್ರು ನನಗೆ ಕಲಿಸಿದ್ದನ್ನು ಇವಳಿಗೆ ಕಲಿಸಿದವಳು ನಾನೇ. ಹೆಮ್ಮೆಪಡಬೇಕಾಗಿತ್ತು, ಆಗಲಿಲ್ಲ. ಸೀರೆ ಎತ್ತಿಕಟ್ಟಿ ಕಾಲುವೆಗಿಳಿದು ಗಿಡ ಕಿತ್ತೆ. ಬೇರಿನ ಮಣ್ಣು ಕೊಡವಿ, ಚಿಟಿಕೆಯಷ್ಟು ಉಳಿಸಿ, ಅವಳು ಹೇಳಿದ ಕಡೆಗೆ ಮುಖ ತಿರುಗಿಸಿ ನಿಂತೆ.