ಟಾರ್ಬೆಲ್‌ನ ಬೆಂಕಿ ಗಾಡಿ ಏರು ಹತ್ತಿದ್ದು

ಲೈಲ್ ಬ್ರಾಂಡ್‌ವೋಲ್ಡ್ ಜಂಬದ ಮನುಷ್ಯ. ಸರಿಹೋದದ್ದೆಲ್ಲ ತನ್ನಿಂದ, ಕೆಟ್ಟದ್ದೆಲ್ಲ ಬೇರೆಯವರಿಂದ ಎಂದು ನಂಬಿಕೊಂಡೇ ಐವತ್ತೆಂಟು ವರ್ಷ ಬದುಕಿದವನು. ಹೈಸ್ಕೂಲಿನಲ್ಲಿ ಅವನಿಗೆ ಭೌತಶಾಸ್ತ್ರ ಕಲಿಸಿದವಳು ನಾನು. ಥರ್ಮಾಮೀಟರ್ ಒಡೆದಾಗ ಮೇಜು ವಾಲಿದೆ ಎಂದಿದ್ದ. ಮೇಜು ನೆಟ್ಟಗೇ ಇತ್ತು.

ಅವನ ಕೈಗುಣದ ಬಗ್ಗೆ ಮಾತ್ರ ಎರಡು ಮಾತಿಲ್ಲ. ಕೊಲರಾಡೊದ ಈ ಬೆಟ್ಟಗಳಲ್ಲಿ ಹಾಳಾದ ಎಂಜಿನ್ ಕೊನೆಗೆ ಬಂದು ಸೇರುವುದು ಅವನ ಶೆಡ್ಡಿಗೇ.

ನಮ್ಮ ಟಾರ್ಬೆಲ್ ಹತ್ತು ಸಾವಿರ ಅಡಿ ಎತ್ತರದಲ್ಲಿದೆ. ಇಲ್ಲಿನ ಗಾಳಿ ತೆಳು. ಎಂಜಿನ್ನಿಗೂ ಏದುಸಿರು. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಇರುವುದು ಒಂದೇ ಗಾಡಿ, ಇಪ್ಪತ್ತೈದು ವರ್ಷದ ಹಳೆಯ ಪೆಟ್ರೋಲ್ ಟ್ರಕ್ಕು. ನಾನೂರು ಗ್ಯಾಲನ್ ನೀರು ಹೊತ್ತು, ಏರಿನ ತುದಿಯಲ್ಲಿರುವ ಮೇಲಿನ ಟಾರ್ಬೆಲ್‌ನ ಮೂವತ್ತೊಂದು ಮನೆಗಳನ್ನು ತಲುಪಲು ಅದಕ್ಕೆ ಹತ್ತೊಂಬತ್ತು ನಿಮಿಷ ಬೇಕಿತ್ತು. ಹಿಂದಿನ ಚಳಿಗಾಲದಲ್ಲಿ ಗಾಡಿ ಎರಡನೇ ಗೇರಿನಲ್ಲಿ ತೆವಳಿಕೊಂಡು ಹೋಗುವಷ್ಟರಲ್ಲಿ ಅಲ್ಲಿ ಒಂದು ಮನೆ ಪೂರ್ತಿ ಸುಟ್ಟುಹೋಯಿತು. ಅದು ರೊಸೀನಾ ಅಬೇಟಾಳ ಮನೆ. ಆ ದಿನ ಗಾಡಿ ಓಡಿಸುತ್ತಿದ್ದವಳೂ ಅವಳೇ.

ಜಿಲ್ಲೆಯ ಆಡಳಿತ ನಡೆಸುವ ಕೌಂಟಿಯವರು ಕಾಗದ ಕಳಿಸಿದರು. ಹದಿಮೂರು ನಿಮಿಷದೊಳಗೆ ಮೇಲಿನ ಟಾರ್ಬೆಲ್ ತಲುಪಲಾಗದಿದ್ದರೆ ಠಾಣೆ ಮುಚ್ಚಲಾಗುವುದು, ಇನ್ನು ಗಾಡಿ ಕಣಿವೆಯ ಪೇಟೆಯಿಂದ ಬರುವುದು. ಅಲ್ಲಿಂದ ಬರಲು ನಲವತ್ತು ನಿಮಿಷ.

ದಳದ ಕಾರ್ಯದರ್ಶಿಯಾಗಿ ನಾನು ಸಭೆ ಕರೆದೆ. ಲೈಲ್ ಎದ್ದು ನಿಂತ.

"ಗಾಡಿ ಮುದಿಯಾಗಿಲ್ಲ, ಉಸಿರು ಸಾಲ್ತಿಲ್ಲ ಅಷ್ಟೆ. ಸೂಪರ್‌ಚಾರ್ಜರ್ ಕೂರಿಸ್ತೀನಿ. ಬೆಲ್ಟಿನಲ್ಲಿ ತಿರುಗೋ ಪಂಪು ಅದು, ಗಾಳೀನ ಒತ್ತಿ ಒತ್ತಿ ಒಳಗೆ ತುರುಕುತ್ತೆ. ಜೊತೆಗೆ ಇಂಟರ್‌ಕೂಲರ್ ಬೇಕೇ ಬೇಕು."

"ಅದ್ಯಾಕೆ?" ಎಂದಳು ರೊಸೀನಾ.

"ಮಿಸ್, ನೀವೇ ಹೇಳಿ ಇವಳಿಗೆ."

"ಸೈಕಲ್ ಪಂಪು ಹೊಡೆದರೆ ಬುಡ ಬಿಸಿಯಾಗುತ್ತಲ್ಲ, ಹಾಗೆ ಒತ್ತಿದ ಗಾಳಿ ಕಾಯುತ್ತೆ," ಎಂದೆ. "ಕಾದ ಗಾಳಿ ಹಿಗ್ಗಿದರೆ ಒತ್ತಿದ್ದರ ಲಾಭ ಅರ್ಧ ಹೋಯಿತು. ಅದನ್ನು ತಣಿಸಿ ಒಳಗೆ ಬಿಡಬೇಕು."

"ಹಿಂದೆ ಅಷ್ಟೊಂದು ನೀರಿದೆಯಲ್ಲ, ಅದರಲ್ಲೇ ತಣಿಸಪ್ಪ," ಎಂದಳು ರೊಸೀನಾ.

"ಆಹಾ! ಬೆಂಕಿ ಬಿದ್ದ ಮನೆಗೆ ಬಿಸಿನೀರು ಹೊತ್ಕೊಂಡು ಹೋಗೋಣ. ಸ್ನಾನಕ್ಕಾಗುತ್ತೆ," ಎಂದ ಲೈಲ್.

ಸಭೆ ನಕ್ಕಿತು. ರೊಸೀನಾಳೂ ನಕ್ಕಳು, ಮನೆ ಸುಟ್ಟ ಮೇಲೆ ಮೊದಲ ಬಾರಿಗೆ.

ಏಳು ವಾರ ಕೆಲಸ ನಡೆಯಿತು. ಗುಜರಿಗೆ ಬಿದ್ದ ಟ್ರಕ್ಕೊಂದರಿಂದ ಲೈಲ್ ಸೂಪರ್‌ಚಾರ್ಜರ್ ಬಿಚ್ಚಿ ತಂದು, ಒಳಗಿನ ಬೇರಿಂಗುಗಳನ್ನು ಬದಲಿಸಿದ. ಇಂಟರ್‌ಕೂಲರಿಗೆ ರೇಡಿಯೇಟರಿನ ಮುಂದೆ ಜಾಗ ಸಾಲಲಿಲ್ಲ. ಮುಂದಿದ್ದ, ಹಗ್ಗ ಸುತ್ತಿ ಎಳೆಯುವ ವಿಂಚನ್ನು ಕಿತ್ತು, ಬಂಪರ್ ಕತ್ತರಿಸಿ, ನಾಲ್ಕು ಇಂಚು ಮುಂದಕ್ಕೆ ಬೆಸೆದ. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕೆಂದು ದೊಡ್ಡ ಇಂಜೆಕ್ಟರುಗಳನ್ನು ಹಾಕಿದ. ಬೆಸುಗೆಯ ಗೆರೆಗಳು ನುರಿತ ದರ್ಜಿಯ ಹೊಲಿಗೆಯಂತೆ ಸಮನಾಗಿದ್ದವು. ನೋಡಲು ಬಂದವರಿಗೆಲ್ಲ ಅದನ್ನು ಎರಡೆರಡು ಸಲ ತೋರಿಸಿದ. ತೋರಿಸುವಂತೆಯೇ ಇತ್ತು ಎಂಬುದನ್ನು ನಾನು ಒಪ್ಪಬೇಕು.

ಪರೀಕ್ಷೆಯ ದಿನ ಬೆಳಿಗ್ಗೆ ಟಿಲ್ಟನ್ ಎಂಬ ಕೌಂಟಿ ಅಧಿಕಾರಿ ಬಂದರು. ಸ್ಟೀರಿಂಗ್ ಹಿಡಿದವಳು ರೊಸೀನಾ, ಪಕ್ಕದಲ್ಲಿ ಲೈಲ್, ಹಿಂದಿನ ಸೀಟಿನಲ್ಲಿ ಗಡಿಯಾರ ಹಿಡಿದು ನಾನು. ಟಿಲ್ಟನ್ ತಮ್ಮ ಕಾರಿನಲ್ಲಿ ಹಿಂಬಾಲಿಸಿದರು. ಗಾಡಿ ಮೊದಲ ತಿರುವನ್ನು ಮೂರನೇ ಗೇರಿನಲ್ಲೇ ಏರಿತು. ರಸ್ತೆ ಬದಿಯಲ್ಲಿ ನಿಂತಿದ್ದ ಜನ ಟೋಪಿ ಬೀಸಿದರು. ಐದು ನಿಮಿಷಕ್ಕೆ ಅರ್ಧ ದಾರಿ ಸಾಗಿತ್ತು.

ಆಗ ಎಂಜಿನ್ನಿನಿಂದ ಸದ್ದು ಬಂತು. ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಸದ್ದು.

"ಕಾಲು ತೆಗಿ! ಗಾಡಿ ನಿಲ್ಲಿಸು!" ಲೈಲ್ ಕೂಗಿದ.

"ಇನ್ನೆರಡೇ ಮೈಲಿ ಕಣೋ, ಹೋಗಿಬಿಡೋಣ."

"ಪಿಸ್ಟನ್ ತೂತಾದ್ರೆ ಇವತ್ತಲ್ಲ, ಯಾವತ್ತೂ ಹೋಗಲ್ಲ. ನಿಲ್ಲಿಸು ಅಂದ್ನಲ್ಲ!"

ಗಾಡಿ ನಿಂತಿತು. ಲೈಲ್ ಅವಳತ್ತ ತಿರುಗಿದ. "ಬೆಳಿಗ್ಗೆ ಯಾವ ಪೆಟ್ರೋಲ್ ಹಾಕಿದ್ದು?"

"ಯಾವಾಗ್ಲೂ ಹಾಕೋದೇ. ಎಂಬತ್ತೈದು."

ಹೇಳಿದ ಮರುಕ್ಷಣ ಅವಳ ಮುಖ ಬಿಳಿಚಿಕೊಂಡಿತು. ಇದು ನಮ್ಮ ಬೆಟ್ಟದವರು ಮಾತ್ರ ಮಾಡಬಹುದಾದ ತಪ್ಪು. ತೆಳು ಗಾಳಿಯಲ್ಲಿ ಎಂಜಿನ್ನಿನ ಒಳಗೆ ಒತ್ತಡ ಕಡಿಮೆ, ಅಗ್ಗದ ಎಂಬತ್ತೈದು ಆಕ್ಟೇನಿನ ಪೆಟ್ರೋಲೇ ಸಾಕು; ಆ ಅಂಕಿ ಹೆಚ್ಚಿದಷ್ಟೂ ಪೆಟ್ರೋಲ್ ಹೆಚ್ಚು ಒತ್ತಡ ತಾಳುತ್ತದೆ. ಕಣಿವೆಯ ಬಂಕುಗಳಲ್ಲಿ ಅದನ್ನು ಮಾರುವುದೂ ಇಲ್ಲ. ಇಲ್ಲಿ ಎಲ್ಲರ ಕೈ ತಾನಾಗಿ ಆ ಪಂಪಿಗೇ ಹೋಗುತ್ತದೆ. ಆದರೆ ಸೂಪರ್‌ಚಾರ್ಜರ್ ಬಯಲಿನ ದಟ್ಟ ಗಾಳಿಯನ್ನು ಬೆಟ್ಟಕ್ಕೆ ತಂದಿತ್ತು. ಆ ಒತ್ತಡಕ್ಕೆ ಎಂಬತ್ತೈದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ. ತೊಂಬತ್ತೊಂದೇ ಬೇಕು. ಲೈಲ್ ಅದನ್ನು ವಾರವಿಡೀ ಹೇಳಿದ್ದ.

ಅವನು ಬಾಯಿ ತೆರೆದ. ಬೈಗುಳ ಬರುತ್ತದೆಂದು ನಾನು ಕಾದೆ. ಅಷ್ಟರಲ್ಲಿ ಟಿಲ್ಟನ್ ಕಿಟಕಿಯ ಬಳಿ ಬಂದರು.

"ಏನಾಯ್ತು? ಆಗಲ್ಲ ಅಂತ ಬರ್ಕೊಳ್ಳಲಾ?"

"ತಪ್ಪು ಪೆಟ್ರೋಲ್ ಬಿದ್ದಿದೆ ಸಾರ್. ಮೂರು ಗಂಟೆಗೆ ಬನ್ನಿ," ಎಂದ ಲೈಲ್.

"ಮೂರರ ಮೇಲೆ ಒಂದು ನಿಮಿಷಾನೂ ಕಾಯಲ್ಲ."

ಗಾಡಿಯನ್ನು ಮೆಲ್ಲಗೆ ಇಳಿಸಿದೆವು. ಪೆಟ್ರೋಲ್ ಟ್ಯಾಂಕ್ ಬರಿದು ಮಾಡಿದೆವು. ಲೈಲ್ ಸ್ಪಾರ್ಕ್ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದ. ಪಿಸ್ಟನ್ ಕರಗಿದ ಗುರುತಿರಲಿಲ್ಲ. ರೊಸೀನಾ ತೊಂಬತ್ತೊಂದರ ಪಂಪಿನ ಮುಂದೆ ನಿಂತು ಅಂಕಿಯನ್ನು ಗಟ್ಟಿಯಾಗಿ ಓದಿ ಟ್ಯಾಂಕ್ ತುಂಬಿಸಿದಳು. ಆಮೇಲೆ ಕೀಲಿಯನ್ನು ಲೈಲ್‌ಗೆ ಚಾಚಿದಳು.

"ನೀನೇ ಓಡಿಸು. ನನ್ನ ಕೈಲಾಗಲ್ಲ."

"ಬೆಂಕಿ ಬಿದ್ದಾಗ ಓಡಿಸೋಳು ನೀನು. ಹತ್ತು, ಹೊತ್ತಾಯ್ತು."

ಮೂರು ಗಂಟೆಗೆ ಹೊರಟೆವು. ಗೋಲಿಗಳ ಸದ್ದಿಲ್ಲ. ಸೂಪರ್‌ಚಾರ್ಜರಿನ ಸಣ್ಣ ಸಿಳ್ಳೆಯೊಂದೇ. ಕೊನೆಯ ಕಡಿದಾದ ಏರಿನಲ್ಲೂ ರೊಸೀನಾ ಗೇರ್ ಇಳಿಸಲಿಲ್ಲ. ಮೇಲಿನ ಟಾರ್ಬೆಲ್‌ನ ಅಂಚೆಪೆಟ್ಟಿಗೆಗಳ ಸಾಲಿನ ಮುಂದೆ ಗಾಡಿ ನಿಂತಾಗ ನನ್ನ ಗಡಿಯಾರದಲ್ಲಿ ಹನ್ನೊಂದು ನಿಮಿಷ ನಲವತ್ತು ಸೆಕೆಂಡ್. ಉಳಿದ ಮೂವತ್ತು ಮನೆಗಳವರೂ ಹೊರಗೆ ಬಂದಿದ್ದರು. ನಲವತ್ತು ವರ್ಷ ಪಾಠ ಹೇಳಿದ್ದೇನೆ. ನನ್ನ ಪಾಠವೊಂದು ಹಾಗೆ ಬೆಟ್ಟ ಹತ್ತಿದ್ದನ್ನು ನೋಡಿದ್ದು ಅಂದೇ.

ಟಿಲ್ಟನ್ ವರದಿಗೆ ಸಹಿ ಹಾಕುತ್ತ ಕೇಳಿದರು. "ಬೆಳಿಗ್ಗೆ ಆ ಪೆಟ್ರೋಲ್ ಹಾಕಿದ್ಯಾರು?"

ರೊಸೀನಾ ಒಂದು ಹೆಜ್ಜೆ ಮುಂದೆ ಬಂದಳು. ಅಷ್ಟರಲ್ಲಿ ಲೈಲ್ ನನ್ನ ಕೈಯಿಂದ ದಪ್ಪ ಮೊನೆಯ ಪೆನ್ನು ಕಿತ್ತುಕೊಂಡು, ಎಲ್ಲರೂ ನೋಡುತ್ತಿದ್ದಂತೆ, ಪೆಟ್ರೋಲ್ ಟ್ಯಾಂಕಿನ ಬಾಗಿಲ ಮೇಲೆ ಅಳಿಸಲಾಗದ ಶಾಯಿಯಲ್ಲಿ ಬರೆದ: "ತೊಂಬತ್ತೊಂದು ಮಾತ್ರ. ಎಂಬತ್ತೈದು ಹಾಕಿದ ದಡ್ಡ ಲೈಲ್ ಬ್ರಾಂಡ್‌ವೋಲ್ಡ್."