ಕಲ್ಲಾದ ವೀರನಿಗೊಂದು ಒಡಪು

ನಾವು ಮೂವರು ಸೇರಿ ಒಂದು ಕಥೆ ಬರೆಯುತ್ತಿದ್ದೆವು: ನಾನು, ನನ್ನ ಅಣ್ಣ, ಅಕ್ಕಲಕೋಟದ ಸೋದರಮಾವನ ಮಗ. ಕಥಾನಾಯಕ ಸೊಲ್ಲಾಪುರದ ಗಿರಣಿಯಲ್ಲಿ ಕಡಿದ ನೂಲು ಜೋಡಿಸುವ ಬಡಪಾಯಿ. ಎಲ್ಲಾದರೂ ಅನ್ಯಾಯ ನಡೆದರೆ ಮಾತ್ರ ಮುಖಕ್ಕೆ ಕರಿ ರುಮಾಲು ಸುತ್ತಿಕೊಂಡು ಗಿರಣಿಗಳ ಚಿಮಣಿಯಿಂದ ಚಿಮಣಿಗೆ ಹಾರುವನು, ಓಡುವ ರೈಲನ್ನು ಒಂದೇ ಕೈಯಲ್ಲಿ ನಿಲ್ಲಿಸುವನು. ಕಥೆ ಬರೆಯುವ ನೋಟುಬುಕ್ಕು, ನಮ್ಮ ಮಾತಿನಲ್ಲಿ ವಹಿ, ಒಂದು ವಾರ ನಮ್ಮಲ್ಲಿ, ಒಂದು ವಾರ ಅಕ್ಕಲಕೋಟದಲ್ಲಿ. ನಿಯಮ ಒಂದೇ: ಪೆನ್ಸಿಲಿನಲ್ಲಿ ಬರೆದದ್ದನ್ನು ಅಳಿಸಬಹುದು, ಶಾಯಿಯಲ್ಲಿ ಬರೆದದ್ದನ್ನು ಬ್ರಹ್ಮನೂ ಅಳಿಸುವಂತಿಲ್ಲ. ಶಾಯಿಯ ದೌತಿ ಅಣ್ಣನ ಹತ್ತಿರ ಇತ್ತು. ನ್ಯಾಯ ಎಷ್ಟಿತ್ತೆಂದು ನೀವೇ ತಿಳಿದುಕೊಳ್ಳಿ.

ಹುಡುಗಿಯೆಂದು ನನ್ನ ಪಾಲಿಗೆ ಬರೆಯಲು ಬಂದದ್ದು ನಾಯಕನ ಹೆಂಡತಿ. ಆಕೆ ರೊಟ್ಟಿ ಬಡಿಯುತ್ತಾಳೆ, ಅವನು ಹಾರಿಹೋಗುತ್ತಾನೆ, ರೊಟ್ಟಿ ಆರುತ್ತದೆ. ಹನ್ನೊಂದು ಅಧ್ಯಾಯ ಇದೇ ಹಾಡು. ಆಕೆಗೂ ಒಂದು ಶಕ್ತಿ ಕೊಡೋಣ ಎಂದಾಗಲೆಲ್ಲ ಇಬ್ಬರೂ ನಗುತ್ತಿದ್ದರು.

"ಹೆಣ್ಮಗಳು ಚಿಮಣಿ ಹತ್ತಿದ್ರ ಓದೋ ಮಂದಿ ಏನಂದಾರು?" ಎಂದ ಅಣ್ಣ.

ಓದುವ ಮಂದಿ ನಾವೇ ಮೂವರು! ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮುಂದಿನ ಅಧ್ಯಾಯದಲ್ಲೂ ಆಕೆ ರೊಟ್ಟಿ ಬಡಿಯುತ್ತ ಕೂತರೆ ನಾನು ಈ ವಹಿ ಮುಟ್ಟುವುದಿಲ್ಲ ಎಂದು ಆಣೆ ಹಾಕಿದೆ.

ಆ ರವಿವಾರ ಮಾವನ ಮಗ ಬಂದಿದ್ದ. ನಾಯಕನನ್ನು ಸೋಲಿಸುವ ವೈರಿಯೇ ಉಳಿಯದೆ ಕಥೆ ನಿಂತುಹೋಗಿತ್ತು. ಅಣ್ಣ ಬಹಳ ಯೋಚಿಸಿ ಶಾಯಿಯಲ್ಲಿ ಬರೆದ: ಒಬ್ಬ ಮಾಂತ್ರಿಕ ನಾಯಕನನ್ನು ಕಲ್ಲು ಮಾಡಿದ, ಹೆಂಡತಿ ಅವನ ಹೆಸರು ಹಿಡಿದು ಮೂರು ಸಲ ಕೂಗಿದರೆ ಮಾತ್ರ ಕಲ್ಲು ಒಡೆಯುತ್ತದೆ. ಉಫ್ ಎಂದು ಊದಿ ಒಣಗಿಸಿ, ಗಟ್ಟಿಯಾಗಿ ಓದಿ ತೋರಿಸಿದ.

ಅಡಿಗೆಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅತ್ತಿಗೆ! ಮಂದ್ರೂಪದಿಂದ ನಮ್ಮ ಮನೆಗೆ ಬಂದು ಇನ್ನೂ ವರ್ಷವಾಗಿರಲಿಲ್ಲ; ಅಣ್ಣನೆದುರು ಆಕೆ ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ನಾನು ಒಳಗೆ ಹೋದೆ.

"ಗಂಡನ ಹೆಸರು ಹಿಡದು ಯಾವ ಹೆಂಡತಿ ಕೂಗ್ಯಾಳ್ರೀ?" ಎಂದಳು ಮೆಲ್ಲಗೆ. "ನಿಮ್ಮ ಅಣ್ಣಾರು ಅವನ್ನ ಕಾಯಂ ಕಲ್ಲು ಮಾಡಿಬಿಟ್ಟಾರ."

ಹೊರಗೆ ಬಂದು ಹೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಹೆಂಡತಿಯ ಹೆಸರನ್ನು ದಿನಕ್ಕೆ ಹತ್ತು ಸಲ ಕೂಗುವವರಿಗೆ ಇದು ಹೊಳೆಯುವುದಾದರೂ ಹೇಗೆ?

"ಕತ್ಯಾಗ ಏನಾಗ್ತದ? ಕೂಗಲಿ ಬಿಡು," ಎಂದ ಮಾವನ ಮಗ.

"ನಿಮ್ಮವ್ವ ಮಾಮಾನ ಹೆಸರು ಹಿಡದು ಕರೀತಾಳೇನು?" ಎಂದೆ.

ಅಳಿಸುವಂತಿಲ್ಲ, ಶಾಯಿ. ಅಣ್ಣ ತನ್ನ ನಿಯಮಕ್ಕೆ ತಾನೇ ಸಿಕ್ಕಿಬಿದ್ದನೆಂದು ನನಗೆ ಒಳಗೊಳಗೇ ಖುಷಿಯಾಯಿತು. ಮತ್ತೆ ಅಡಿಗೆಮನೆಗೆ ಓಡಿದೆ. ಮದುವೆಮನೆಯಲ್ಲಿ ಬಾಗಿಲು ಅಡ್ಡಗಟ್ಟಿದಾಗ ಹೆಣ್ಣುಮಕ್ಕಳು ಗಂಡನ ಹೆಸರನ್ನು ಪ್ರಾಸದೊಳಗಿಟ್ಟು ಹೇಳುವ ಒಡಪು ಇದೆಯಲ್ಲ, ಅದರಲ್ಲಿ ಹೇಳಿದರೆ ದೋಷವಿಲ್ಲ. ಅತ್ತಿಗೆ ಹಿಟ್ಟಿನ ಕೈಯಲ್ಲೇ ಎರಡು ಸಾಲು ಕಟ್ಟಿದಳು. ನಾನು ಪಡಸಾಲೆಗೆ ಬಂದು, ಹೆಂಡತಿ ಒಡಪು ಹಾಕಿ ಕಲ್ಲು ಒಡೆಯುತ್ತಾಳೆ, ಅದೇ ಆಕೆಯ ಶಕ್ತಿ ಎಂದೆ.

ಅಣ್ಣ ಸುಲಭಕ್ಕೆ ಬಿಡುವವನಲ್ಲ. "ಕೂಗಬೇಕಂತ ಬರದೀನಿ. ಒಡಪು ಯಾರು ಕೂಗತಾರ? ಬಾಯಾಗ ಗೊಣಗತಾರ. ಕಲ್ಲಿಗೆ ಹ್ಯಾಂಗ ಕೇಳಸ್ತದ?"

ಅದೂ ಸುಳ್ಳಲ್ಲ. ಅವನ ಮದುವೆಯಲ್ಲೇ ಅತ್ತಿಗೆ ಎಷ್ಟು ಸಣ್ಣಗೆ ಹೇಳಿದ್ದಳೆಂದರೆ, ಪಕ್ಕದಲ್ಲಿ ನಿಂತ ನನಗೂ ಕೇಳಿಸಿರಲಿಲ್ಲ. ನನ್ನ ಜಂಬ ಇಳಿದುಹೋಯಿತು. ಇನ್ನು ವಹಿ ಮುಚ್ಚುವುದೇ ಸರಿ ಎಂದುಕೊಂಡೆ.

ಆಗ ಅತ್ತಿಗೆ ಹೊಸ್ತಿಲಿಗೆ ಬಂದು ನಿಂತಳು. ಸೆರಗು ಸರಿಮಾಡಿಕೊಂಡು, ಬಾಗಿಲ ಚೌಕಟ್ಟು ಹಿಡಿದು, ಓಣಿಯ ತುದಿಗೆ ಮುಟ್ಟುವ ದನಿಯಲ್ಲಿ ಹೇಳಿದಳು:

"ಗಿರಣಿ ಭೋಂಗಾ ಕೂಗೂ ಮುಂಚೆ ಬಿಸಿ ರೊಟ್ಟಿ ಬಡದೀನಿ,
ಕಲ್ಲಿನಾಗ ಕುಂತ ರಾಯರನ್ನ ಹೆಸರು ಹಿಡದು ಕರದೀನಿ!"

ಕೊನೆಗೆ ಹೆಸರು ಕೂಗಿದಳು. ಕಥಾನಾಯಕನದಲ್ಲ, ಅಣ್ಣನದು.

ಅಣ್ಣ ಕೂತಲ್ಲೇ ಕಲ್ಲಾದ. ಎರಡನೆಯ ಸಲ ಕೂಗಿದಾಗ ಕಿವಿಯವರೆಗೆ ಕೆಂಪಾದ. ಮೂರನೆಯ ಸಲಕ್ಕೆ ಎದುರುಮನೆಯ ಕಿಟಕಿ ತೆರೆಯಿತು, ಮಾವನ ಮಗ ಚಪ್ಪಾಳೆ ತಟ್ಟಿದ. ನನಗಂತೂ ಕುಣಿಯಬೇಕೆನಿಸುವಷ್ಟು ಖುಷಿ, ಕಣ್ಣಲ್ಲಿ ನೀರು ಬೇರೆ.

ಅಣ್ಣ ನಗುತ್ತ ದೌತಿಯನ್ನು ನಮ್ಮ ಕಡೆ ಸರಿಸಿದ. "ಕಲ್ಲ ಒಡೀತು. ಬರ್ಕೋರಿ," ಎಂದ.

ಅತ್ತಿಗೆ ಹೇಳಿದಳು, ನಾನು ಶಾಯಿಯಲ್ಲೇ ಬರೆದೆ. ಹನ್ನೆರಡನೆಯ ಅಧ್ಯಾಯದಲ್ಲಿ ಹೆಂಡತಿ ಕರಿ ರುಮಾಲು ಸುತ್ತಿಕೊಂಡು ಮಾಂತ್ರಿಕನ ಬೆನ್ನು ಹತ್ತಿದಳು. ನಾಯಕ ಮನೆಯಲ್ಲಿ ಕೂತು ರೊಟ್ಟಿ ಬಡಿದ.